ಸಣ್ಣ ಕಂಪ್ರೆಸರ್‌ಗೆ ಹೊಂದುವ ಸ್ಪ್ರೇ ಗನ್ ಆರಿಸುವುದು ಹೇಗೆ: ಗಾಳಿಯ ಲೆಕ್ಕದಿಂದ ಗನ್ನಿನ ಆಯ್ಕೆಯವರೆಗೆ

ಸ್ಪ್ರೇ ಗನ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ನೋಡುವುದು ಗನ್ನಿನ ಹೊಳಪು, ಕಪ್ಪಿನ ಗಾತ್ರ ಮತ್ತು ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿರುವ ಎಚ್‌ವಿಎಲ್‌ಪಿ (ಹೈ ವಾಲ್ಯೂಮ್ ಲೋ ಪ್ರೆಶರ್, ಅಂದರೆ ಹೆಚ್ಚು ಗಾಳಿ, ಕಡಿಮೆ ಒತ್ತಡ) ಎಂಬ ಹೆಸರು. ಕಂಪ್ರೆಸರ್ ಹೇಗೂ ಮನೆಯಲ್ಲಿದೆ, ಯಾವ ಗನ್ನನ್ನಾದರೂ ಅದಕ್ಕೆ ಸಿಕ್ಕಿಸಬಹುದು ಎಂದುಕೊಂಡಿರುತ್ತಾರೆ. ನಾನೂ ಹಾಗೆಯೇ ಅಂದುಕೊಂಡು, 24 ಲೀಟರ್ ಟ್ಯಾಂಕಿನ ಕಂಪ್ರೆಸರ್‌ಗೆ ದೊಡ್ಡದೊಂದು ಗನ್ ತಂದು ಕಪಾಟಿನ ಬಾಗಿಲಿಗೆ ಬಣ್ಣ ಹೊಡೆಯಲು ನಿಂತಿದ್ದೆ. ಬಾಗಿಲಿನ ಮೇಲರ್ಧ ನುಣುಪಾಗಿ ಬಂತು. ಕೆಳಗಿನ ಅರ್ಧಕ್ಕೆ ಬರುವಷ್ಟರಲ್ಲಿ ಬಣ್ಣ ದಪ್ಪ ಹನಿಗಳಾಗಿ ಉದುರತೊಡಗಿ, ಒಣಗಿದ ಮೇಲೆ ಕಿತ್ತಳೆ ಸಿಪ್ಪೆಯಂತೆ ಒರಟಾಗಿ ಕಂಡಿತು. ಗನ್ ಕೆಟ್ಟಿರಲಿಲ್ಲ, ಬಣ್ಣವೂ ಕೆಟ್ಟಿರಲಿಲ್ಲ. ಟ್ಯಾಂಕಿನಲ್ಲಿ ಗಾಳಿ ಮುಗಿದಿತ್ತು, ಅಷ್ಟೇ.

ಆದ್ದರಿಂದ ಈ ಮಾರ್ಗದರ್ಶಿ ಗನ್ನಿನಿಂದಲ್ಲ, ಕಂಪ್ರೆಸರ್‌ನಿಂದ ಆರಂಭವಾಗುತ್ತದೆ. ನಿಮ್ಮ ಯಂತ್ರ ನಿಮಿಷಕ್ಕೆ ನಿಜವಾಗಿ ಎಷ್ಟು ಗಾಳಿ ಕೊಡುತ್ತದೆ ಎಂಬ ಒಂದೇ ಒಂದು ಸಂಖ್ಯೆ ಕೈಯಲ್ಲಿದ್ದರೆ ಉಳಿದ ಬಹುಪಾಲು ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ.

ಹೆಜ್ಜೆ 1: ಕಂಪ್ರೆಸರ್ ನಿಜವಾಗಿ ಕೊಡುವ ಗಾಳಿಯನ್ನು ಅಳೆಯಿರಿ

ಇಲ್ಲಿ ಎರಡು ಬೇರೆ ಬೇರೆ ಅಳತೆಗಳಿವೆ. ಒತ್ತಡವನ್ನು ಬಾರ್ ಅಥವಾ ಪಿಎಸ್‌ಐನಲ್ಲಿ ಹೇಳುತ್ತಾರೆ. 1 ಬಾರ್ ಎಂದರೆ ಸುಮಾರು 14.5 ಪಿಎಸ್‌ಐ. ಗಾಳಿಯ ಪ್ರಮಾಣವನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದೋ, ಘನ ಅಡಿಯ ಲೆಕ್ಕದಲ್ಲಿ ಸಿಎಫ್‌ಎಂ ಎಂದೋ ಹೇಳುತ್ತಾರೆ. 1 ಸಿಎಫ್‌ಎಂ ಎಂದರೆ ನಿಮಿಷಕ್ಕೆ ಸುಮಾರು 28.3 ಲೀಟರ್. ಸಣ್ಣ ಕಂಪ್ರೆಸರ್‌ಗೆ ಒತ್ತಡದ ಕೊರತೆ ಸಾಮಾನ್ಯವಾಗಿ ಇರುವುದಿಲ್ಲ, ಏಕೆಂದರೆ ಟ್ಯಾಂಕ್ ಇರುವ ಚಿಕ್ಕ ಯಂತ್ರಗಳಲ್ಲಿ ಹೆಚ್ಚಿನವೂ 8 ಬಾರ್ ತಲುಪುತ್ತವೆ ಮತ್ತು ಸ್ಪ್ರೇ ಗನ್‌ಗೆ ಬೇಕಾಗುವುದು ಅದರ ಮೂರನೇ ಒಂದು ಭಾಗವೋ ಅರ್ಧವೋ ಮಾತ್ರ. ಕೊರತೆಯಾಗುವುದು ಪ್ರಮಾಣದಲ್ಲಿ.

ಯಂತ್ರದ ಮೇಲೆ ಅಂಟಿಸಿದ ಚೀಟಿಯಲ್ಲಿ ನಿಮಿಷಕ್ಕೆ 180 ಅಥವಾ 200 ಲೀಟರ್ ಎಂದು ಬರೆದಿದ್ದರೆ ಅದನ್ನು ಹಾಗೆಯೇ ನಂಬಬೇಡಿ. ಅನೇಕ ವೇಳೆ ಅದು ಪಿಸ್ಟನ್ ಒಳಗೆಳೆದುಕೊಳ್ಳುವ ಗಾಳಿಯ ಸೈದ್ಧಾಂತಿಕ ಲೆಕ್ಕವಾಗಿರುತ್ತದೆಯೇ ಹೊರತು, ಒತ್ತಡದೊಂದಿಗೆ ಹೊರಗೆ ಸಿಗುವ ಗಾಳಿಯದ್ದಲ್ಲ. ಸಾಮಾನ್ಯ ಅಂದಾಜಿನಂತೆ ಒಂದು ಅಶ್ವಶಕ್ತಿಗೆ, 6 ಬಾರ್ ಒತ್ತಡದಲ್ಲಿ, 3ರಿಂದ 4 ಸಿಎಫ್‌ಎಂ ಸಿಗುತ್ತದೆ. ಆದರೆ ಅಂದಾಜು ಏಕೆ, ಗಡಿಯಾರವೊಂದಿದ್ದರೆ ನೀವೇ ಅಳೆಯಬಹುದು.

ಯಂತ್ರವನ್ನು ಕೆಲವು ನಿಮಿಷ ಓಡಿಸಿ ಬಿಸಿಯಾಗಲು ಬಿಡಿ. ನಂತರ ಟ್ಯಾಂಕಿನ ಗಾಳಿಯನ್ನು 3 ಬಾರ್‌ನವರೆಗೆ ಇಳಿಸಿ, ಹೊರದಾರಿಯನ್ನು ಪೂರ್ತಿ ಮುಚ್ಚಿ, ಮೋಟರ್ ಚಾಲೂ ಮಾಡಿ. ಮುಳ್ಳು 4 ಬಾರ್ ದಾಟಿದ ಕ್ಷಣದಿಂದ 6 ಬಾರ್ ಮುಟ್ಟುವವರೆಗೆ ಎಷ್ಟು ಸೆಕೆಂಡ್ ಹಿಡಿಯಿತೆಂದು ಬರೆದುಕೊಳ್ಳಿ. ಟ್ಯಾಂಕಿನ ಲೀಟರ್‌ಗಳನ್ನು ಏರಿದ ಬಾರ್‌ಗಳಿಂದ ಗುಣಿಸಿದರೆ ಒಳಗೆ ಹೋದ ಗಾಳಿ ಸಿಗುತ್ತದೆ. 50 ಲೀಟರ್ ಟ್ಯಾಂಕಿಗೆ 50 ಸೆಕೆಂಡ್ ಹಿಡಿದರೆ, 50 ಗುಣಿಸು 2, ಅಂದರೆ 100 ಲೀಟರ್ ಗಾಳಿ 50 ಸೆಕೆಂಡಿನಲ್ಲಿ ಸೇರಿದೆ. ನಿಮಿಷಕ್ಕೆ 120 ಲೀಟರ್, ಅಥವಾ 4.2 ಸಿಎಫ್‌ಎಂ. ಟ್ಯಾಂಕಿಗೆ ಹೋಗುವ ಗಾಳಿ ಬಿಸಿಯಾಗಿರುವುದರಿಂದ ಮುಳ್ಳು ಸ್ವಲ್ಪ ಬೇಗ ಏರುತ್ತದೆ, ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ತುಸು ಕಡಿಮೆಯೇ ಎಂದು ಇಟ್ಟುಕೊಳ್ಳಿ.

ಇನ್ನೊಂದು ಮಿತಿಯೂ ಇದೆ. ಸಣ್ಣ ಕಂಪ್ರೆಸರ್‌ಗಳಲ್ಲಿ ಹೆಚ್ಚಿನವನ್ನು ಬಿಡುವಿಲ್ಲದೆ ಓಡಲು ನಿರ್ಮಿಸಿರುವುದಿಲ್ಲ. ಹತ್ತು ನಿಮಿಷದಲ್ಲಿ ಐದಾರು ನಿಮಿಷ ಓಡಿ ಉಳಿದ ಸಮಯ ತಣಿಯಬೇಕೆಂಬುದು ಅವುಗಳ ಸಾಮಾನ್ಯ ನಿಯಮ. ಈ ಕಾರಣಕ್ಕೆ, ಗನ್ನಿನ ಬೇಡಿಕೆ ಅಳತೆಯಲ್ಲಿ ಸಿಕ್ಕ ಸಂಖ್ಯೆಯ ಮೂರರಲ್ಲಿ ಎರಡು ಪಾಲಿನಷ್ಟಿದ್ದರೆ ನಿಶ್ಚಿಂತೆ, ಸಮನಾಗಿದ್ದರೆ ಆಗಾಗ ನಿಲ್ಲಿಸಿ ದುಡಿಯಬೇಕು, ಅದನ್ನು ಮೀರಿದರೆ ಮುಂದಿನ ಹೆಜ್ಜೆಯ ಲೆಕ್ಕವನ್ನು ಮಾಡಲೇಬೇಕು.

ಹೆಜ್ಜೆ 2: ಟ್ಯಾಂಕ್ ಎಷ್ಟು ಹೊತ್ತು ಕಾಪಾಡುತ್ತದೆ ಎಂದು ತಿಳಿಯಿರಿ

ಟ್ಯಾಂಕ್ ದೊಡ್ಡದಾದರೆ ಗಾಳಿ ಹೆಚ್ಚು ಬರುತ್ತದೆ ಎಂಬುದು ಬಹಳ ಮಂದಿಯ ನಂಬಿಕೆ. ಟ್ಯಾಂಕ್ ಗಾಳಿಯನ್ನು ತಯಾರಿಸುವುದಿಲ್ಲ, ಕೂಡಿಡುತ್ತದೆ. ಕೂಡಿಟ್ಟದ್ದು ತೀರಿದ ಮೇಲೆ ಪಂಪು ದುಡಿದು ಕೊಟ್ಟಷ್ಟೇ ಸಿಗುವುದು.

ಒಂದು ಉದಾಹರಣೆ ಲೆಕ್ಕ ನೋಡಿ. ನಿಮಿಷಕ್ಕೆ 120 ಲೀಟರ್ ಕೊಡುವ, 50 ಲೀಟರ್ ಟ್ಯಾಂಕಿನ ಯಂತ್ರ 8 ಬಾರ್‌ಗೆ ನಿಲ್ಲುತ್ತದೆ, 6 ಬಾರ್‌ಗೆ ಇಳಿದಾಗ ಮತ್ತೆ ಚಾಲೂ ಆಗುತ್ತದೆ ಎಂದುಕೊಳ್ಳಿ. ಗನ್ ನಿಮಿಷಕ್ಕೆ 300 ಲೀಟರ್ ನುಂಗುವಂಥದ್ದು, ಮತ್ತು ಟ್ಯಾಂಕ್ 3 ಬಾರ್‌ಗಿಂತ ಕೆಳಗಿಳಿದರೆ ಅದರ ಹದ ಕೆಡುತ್ತದೆ. 8ರಿಂದ 6 ಬಾರ್‌ಗೆ ಇಳಿಯುವಾಗ ಸಿಗುವ 100 ಲೀಟರ್ ಗಾಳಿ 20 ಸೆಕೆಂಡಿನಲ್ಲಿ ತೀರುತ್ತದೆ, ಆಗ ಮೋಟರ್ ಇನ್ನೂ ಎದ್ದಿರುವುದಿಲ್ಲ. ಆಮೇಲೆ ಮೋಟರ್ ದುಡಿಯುತ್ತಿದ್ದರೂ ನಿಮಿಷಕ್ಕೆ 180 ಲೀಟರ್ ಕೊರತೆ ಬೀಳುವುದರಿಂದ, 6ರಿಂದ 3 ಬಾರ್‌ವರೆಗಿನ 150 ಲೀಟರ್ 50 ಸೆಕೆಂಡಿಗೆ ಸಾಕಾಗುತ್ತದೆ. ಒಟ್ಟು 70 ಸೆಕೆಂಡ್. ಇದೇ ಲೆಕ್ಕವನ್ನು 24 ಲೀಟರ್ ಟ್ಯಾಂಕಿಗೆ ಹಾಕಿದರೆ 34 ಸೆಕೆಂಡ್ ಸಿಗುತ್ತದೆ. ನನ್ನ ಕಪಾಟಿನ ಬಾಗಿಲು ಅರ್ಧಕ್ಕೇ ಕೆಟ್ಟದ್ದಕ್ಕೆ ಕಾರಣ ಇದೇ.

70 ಸೆಕೆಂಡ್ ಎಂದರೆ ಕೆಲಸಕ್ಕೆ ಬಾರದ ಸಮಯವೇನಲ್ಲ. ಕುರ್ಚಿ, ಕಿಟಕಿ ಚೌಕಟ್ಟು, ಸೈಕಲ್ ಚೌಕಟ್ಟು ಮುಂತಾದವುಗಳಿಗೆ ಬಣ್ಣ ಹೊಡೆಯುವಾಗ ಟ್ರಿಗರ್ ಒತ್ತುವುದಕ್ಕಿಂತ ಬಿಡುವುದೇ ಹೆಚ್ಚು. ಆ ಬಿಡುವಿನಲ್ಲಿ ಪಂಪು ಚೇತರಿಸಿಕೊಳ್ಳುತ್ತದೆ. ತೊಂದರೆ ಇರುವುದು ಅಗಲವಾದ, ಒಂದೇ ಸಮನೆ ಹಸಿಯಾಗಿ ಹರಿಯಬೇಕಾದ ಮೇಲ್ಮೈಗಳಲ್ಲಿ. ಮೇಜಿನ ಹಲಗೆಯ ನಡುವೆ ನಿಲ್ಲಿಸಿದರೆ ನಿಲ್ಲಿಸಿದ ಕಡೆ ಗುರುತು ಉಳಿಯುತ್ತದೆ.

ಹೆಜ್ಜೆ 3: ಏನಕ್ಕೆ ಬಣ್ಣ ಹೊಡೆಯುತ್ತೀರಿ ಎಂದು ಬರೆದುಕೊಳ್ಳಿ

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಲದು, ಬರೆಯಬೇಕು, ಏಕೆಂದರೆ ಅಂಗಡಿಯಲ್ಲಿ ನಿಂತಾಗ ಎಲ್ಲ ಕೆಲಸಕ್ಕೂ ಒಂದೇ ಗನ್ ಸಾಕು ಎನ್ನಿಸುತ್ತದೆ. ಒಂದು ಸಲಕ್ಕೆ ಬಣ್ಣ ಹೊಡೆಯಬೇಕಾದ ಅತಿದೊಡ್ಡ ಮೇಲ್ಮೈ ಎಷ್ಟು, ಬಣ್ಣ ತೆಳುವೋ ದಪ್ಪವೋ, ಎಣ್ಣೆ ಆಧಾರಿತವೋ ನೀರು ಆಧಾರಿತವೋ, ಕೊನೆಯ ಮೆರುಗು ಎಷ್ಟು ನಯವಾಗಿರಬೇಕು, ಈ ನಾಲ್ಕು ಸಾಕು. ಗೋಡೆಗೆ ಹೊಡೆಯುವ ಎಮಲ್ಶನ್ ನಿಮ್ಮ ಪಟ್ಟಿಯಲ್ಲಿದ್ದರೆ ಈಗಲೇ ಅಳಿಸಿ; ಅಷ್ಟು ದಪ್ಪ ಬಣ್ಣವನ್ನು ಸಣ್ಣ ಕಂಪ್ರೆಸರ್‌ನಿಂದ ಹೊಡೆಯಲು ಬೇಕಾದಷ್ಟು ನೀರು ಬೆರೆಸಿದರೆ ಬಣ್ಣ ಮುಚ್ಚುವ ಶಕ್ತಿ ಕಳೆದುಕೊಳ್ಳುತ್ತದೆ, ರೋಲರ್ ಅದಕ್ಕಿಂತ ಬೇಗ ಕೆಲಸ ಮುಗಿಸುತ್ತದೆ.

ಹೆಜ್ಜೆ 4: ಗನ್ನಿನ ಜಾತಿಯನ್ನು ಆರಿಸಿ

ಹಳೆಯ ಸಾಂಪ್ರದಾಯಿಕ ಗನ್ 3ರಿಂದ 4 ಬಾರ್ ಒತ್ತಡದಲ್ಲಿ, ನಿಮಿಷಕ್ಕೆ ಸುಮಾರು 200ರಿಂದ 350 ಲೀಟರ್ ಗಾಳಿ ಬಳಸಿ ಬಣ್ಣವನ್ನು ನುಣ್ಣಗೆ ಸಿಡಿಸುತ್ತದೆ. ಆದರೆ ಬಣ್ಣದ ದೊಡ್ಡ ಪಾಲು ವಸ್ತುವಿಗೆ ಅಂಟದೆ ಮಂಜಿನಂತೆ ಹಾರಿಹೋಗುತ್ತದೆ. ಎಚ್‌ವಿಎಲ್‌ಪಿ ಬಂದದ್ದು ಈ ವ್ಯರ್ಥವನ್ನು ತಡೆಯಲು. ಅದರಲ್ಲಿ ಏರ್ ಕ್ಯಾಪ್‌ನ (ಗನ್ನಿನ ಮೂತಿಯಲ್ಲಿರುವ, ಗಾಳಿ ಹೊರಬರುವ ರಂಧ್ರಗಳ ಮುಚ್ಚಳ) ಬಳಿ ಒತ್ತಡ 0.7 ಬಾರ್, ಅಂದರೆ 10 ಪಿಎಸ್‌ಐ ಮೀರುವುದಿಲ್ಲ. ಒತ್ತಡದ ಬದಲು ಗಾಳಿಯ ಪ್ರಮಾಣವೇ ಬಣ್ಣವನ್ನು ಒಡೆಯುತ್ತದೆ. ಹೀಗಾಗಿ ಬಣ್ಣದ ಶೇಕಡಾ 65ರಷ್ಟಾದರೂ ವಸ್ತುವಿನ ಮೇಲೆ ಉಳಿಯುವಂತೆ ಅದನ್ನು ವಿನ್ಯಾಸಗೊಳಿಸುತ್ತಾರೆ. ಹೆಸರಿನ ಮೊದಲ ಎರಡು ಅಕ್ಷರಗಳ ಅರ್ಥವೇ ಹೆಚ್ಚು ಗಾಳಿ ಎಂಬುದನ್ನು ಕೊಳ್ಳುವವರು ಮರೆತುಬಿಡುತ್ತಾರೆ. ಪೂರ್ಣ ಗಾತ್ರದ ಎಚ್‌ವಿಎಲ್‌ಪಿ ಗನ್ ನಿಮಿಷಕ್ಕೆ 280ರಿಂದ 430 ಲೀಟರ್‌ವರೆಗೆ ಕೇಳುತ್ತದೆ. ಕಡಿಮೆ ಒತ್ತಡದ ಗನ್ ಆದ್ದರಿಂದ ಸಣ್ಣ ಕಂಪ್ರೆಸರ್‌ಗೆ ಒಳ್ಳೆಯದು ಎಂಬ ಮಾತು ಕೇಳಿಬರುತ್ತದೆ. ಅದು ಪೂರ್ತಿ ತಲೆಕೆಳಗಾದ ತರ್ಕ.

ಎಲ್‌ವಿಎಲ್‌ಪಿ ಎಂಬುದು ಕಡಿಮೆ ಒತ್ತಡವನ್ನೂ ಕಡಿಮೆ ಪ್ರಮಾಣವನ್ನೂ ಒಟ್ಟಿಗೆ ಸಾಧಿಸಲು ಹೊರಟ ವಿನ್ಯಾಸ. ನಿಮಿಷಕ್ಕೆ 100ರಿಂದ 170 ಲೀಟರ್ ಇದರ ಸಾಮಾನ್ಯ ಬೇಡಿಕೆ. ಇದಕ್ಕೆ ತೆರುವ ಬೆಲೆ ನಿಧಾನಗತಿ: ಬಣ್ಣ ಹರಡುವ ಹರವಿನ ಅಗಲ ಕಡಿಮೆ, ಕೈಯ ಚಲನೆ ನಿಧಾನ, ದಪ್ಪ ಬಣ್ಣವನ್ನು ಒಡೆಯುವ ಶಕ್ತಿ ಕಡಿಮೆ. ಹಾಗಿದ್ದರೂ 1.5ರಿಂದ 2 ಅಶ್ವಶಕ್ತಿಯ ಕಂಪ್ರೆಸರ್ ಇರುವವರಿಗೆ, ಪೀಠೋಪಕರಣ ಮತ್ತು ಲೋಹದ ಸಾಮಾನುಗಳೇ ಮುಖ್ಯ ಕೆಲಸವಾಗಿದ್ದರೆ, ನಾನು ಮೊದಲು ಸೂಚಿಸುವುದು 1.3 ಅಥವಾ 1.4 ಮಿ.ಮೀ. ನಾಝಲಿನ (ಬಣ್ಣ ಹೊರಬರುವ ರಂಧ್ರದ) ಎಲ್‌ವಿಎಲ್‌ಪಿ ಗನ್ನನ್ನೇ.

ಇದರ ಪಕ್ಕದಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಆಯ್ಕೆಯಿದೆ. 0.8ರಿಂದ 1.0 ಮಿ.ಮೀ. ನಾಝಲ್ ಮತ್ತು ನೂರೋ ನೂರಿಪ್ಪತ್ತೋ ಮಿಲಿಲೀಟರ್ ಕಪ್ ಇರುವ ಮಿನಿ ಗನ್ನುಗಳು ನಿಮಿಷಕ್ಕೆ 50ರಿಂದ 140 ಲೀಟರ್ ಗಾಳಿಯಲ್ಲಿ ನೆಮ್ಮದಿಯಾಗಿ ದುಡಿಯುತ್ತವೆ. ವಾಹನದ ಗೀರು ಮುಚ್ಚಲು ಮಾಡಿದ ಸಾಧನ ಎಂದು ಇದನ್ನು ಪಕ್ಕಕ್ಕೆ ಸರಿಸುತ್ತಾರೆ. 24 ಲೀಟರ್ ಟ್ಯಾಂಕಿನವರಿಗೆ ಸ್ಟೂಲು, ಫೋಟೋ ಚೌಕಟ್ಟು, ಸಣ್ಣ ಪೆಟ್ಟಿಗೆಗಳಿಗೆ ಇದಕ್ಕಿಂತ ಹೊಂದುವ ಗನ್ ಇಲ್ಲ. ಇನ್ನೂ ಚಿಕ್ಕ ಕೆಲಸಕ್ಕೆ 0.2ರಿಂದ 0.5 ಮಿ.ಮೀ. ನಾಝಲಿನ ಏರ್‌ಬ್ರಷ್ ಇದೆ, ಅದರ ಲೆಕ್ಕ ಬೇರೆಯೇ. ಟ್ಯಾಂಕೇ ಇಲ್ಲದ ಕಂಪ್ರೆಸರ್ ನಿಮ್ಮದಾಗಿದ್ದರೆ, ಟ್ರಿಗರ್ ಬಿಟ್ಟಾಗಲೂ ಗಾಳಿ ಹೊರಹೋಗುತ್ತಲೇ ಇರುವ ಬ್ಲೀಡರ್ ಮಾದರಿಯ ಗನ್ ಬೇಕಾಗುತ್ತದೆ. ಸಾಮಾನ್ಯ ಗನ್ ಹಾಕಿದರೆ ಪೈಪಿನಲ್ಲಿ ಒತ್ತಡ ಸುಮ್ಮನೆ ಏರುತ್ತದೆ.

ಪೆಟ್ಟಿಗೆಯ ಮೇಲೆ ಎಚ್‌ವಿಎಲ್‌ಪಿ ಎಂದೂ, ಕೆಳಗೆ ಸಣ್ಣಕ್ಷರದಲ್ಲಿ 3 ಸಿಎಫ್‌ಎಂ ಸಾಕು ಎಂದೂ ಎರಡನ್ನೂ ಬರೆದ ಪೂರ್ಣ ಗಾತ್ರದ ಗನ್ ಕಂಡರೆ ಎರಡರಲ್ಲಿ ಒಂದು ಮಾತು ಸುಳ್ಳು ಎಂದು ತಿಳಿಯಿರಿ. ಯಾವುದು ಸುಳ್ಳೆಂದು ಹೆಜ್ಜೆ 8ರ ಪರೀಕ್ಷೆ ಹೇಳುತ್ತದೆ.

ಹೆಜ್ಜೆ 5: ಕಪ್ ಮೇಲಿರಲಿ

ಕಪ್ ಗನ್ನಿನ ಮೇಲಿದ್ದರೆ ಬಣ್ಣ ತನ್ನ ಭಾರದಿಂದಲೇ ನಾಝಲಿಗೆ ಇಳಿಯುತ್ತದೆ. ಕೆಳಗಿದ್ದರೆ ಗಾಳಿಯೇ ಅದನ್ನು ಮೇಲಕ್ಕೆ ಹೀರಬೇಕು, ಅದಕ್ಕೆ ಹೆಚ್ಚಿನ ಒತ್ತಡ ಖರ್ಚಾಗುತ್ತದೆ, ತಳದಲ್ಲಿ ಒಂದಿಷ್ಟು ಬಣ್ಣವೂ ಉಳಿಯುತ್ತದೆ. ಸಣ್ಣ ಕಂಪ್ರೆಸರ್‌ನವರಿಗೆ ಇಲ್ಲಿ ಚರ್ಚೆಗೇನೂ ಉಳಿದಿಲ್ಲ.

ಹೆಜ್ಜೆ 6: ನಾಝಲ್ ಅಳತೆಯನ್ನು ಬಣ್ಣಕ್ಕೆ ಹೊಂದಿಸಿ

ತೆಳುವಾದ ವುಡ್ ಸ್ಟೇನ್ ಮತ್ತು ವಾಹನಗಳ ಬೇಸ್ ಕೋಟ್‌ಗೆ 1.2ರಿಂದ 1.3 ಮಿ.ಮೀ., ವಾರ್ನಿಶ್, ಲ್ಯಾಕರ್ ಮತ್ತು ಕ್ಲಿಯರ್ ಕೋಟ್‌ಗೆ 1.3ರಿಂದ 1.4, ಎನಾಮಲ್‌ಗೆ 1.4ರಿಂದ 1.5, ಸಣ್ಣ ಗೀರು ಕುಳಿಗಳನ್ನು ತುಂಬುವ ಪ್ರೈಮರ್‌ಗೆ 1.7ರಿಂದ 2.0 ಎಂಬುದು ರೂಢಿಯಲ್ಲಿರುವ ಅಳತೆ. ದೊಡ್ಡ ರಂಧ್ರದಿಂದ ಹೆಚ್ಚು ಬಣ್ಣ ಬರುತ್ತದೆ, ಹೆಚ್ಚು ಬಣ್ಣವನ್ನು ಒಡೆಯಲು ಹೆಚ್ಚು ಗಾಳಿ ಬೇಕು. ಆದ್ದರಿಂದ ಎರಡು ಅಳತೆಗಳ ನಡುವೆ ಅನುಮಾನ ಬಂದರೆ ಚಿಕ್ಕದನ್ನೇ ಆರಿಸಿ, ಬಣ್ಣವನ್ನು ತಯಾರಕರು ಅನುಮತಿಸಿದ ಮಿತಿಯೊಳಗೆ ತೆಳುಮಾಡಿಕೊಳ್ಳಿ. ತುಂಬುವ ಪ್ರೈಮರ್ ಅಪರೂಪಕ್ಕೊಮ್ಮೆ ಮಾತ್ರ ಬೇಕಾಗುವುದಾದರೆ ಅದನ್ನು ಬ್ರಷ್ಷಿನಿಂದ ಬಳಿದು ಮರಳು ಕಾಗದದಿಂದ ಉಜ್ಜುವುದೇ ಲೇಸು. ಹೇಗೂ ಉಜ್ಜಲೇಬೇಕಾದ ಪದರ ಅದು.

ತೆಳುವು ಎಷ್ಟಿರಬೇಕೆಂದು ಕಣ್ಣಂದಾಜಿನಲ್ಲಿ ನಿರ್ಧರಿಸಬೇಡಿ. ತಳದಲ್ಲಿ 4 ಮಿ.ಮೀ. ರಂಧ್ರವಿರುವ ಅಳತೆಯ ಕಪ್ ಸಿಗುತ್ತದೆ. ಅದನ್ನು ಬಣ್ಣದಿಂದ ತುಂಬಿ, ಧಾರೆ ಮೊದಲ ಬಾರಿ ಕಡಿಯುವವರೆಗಿನ ಸೆಕೆಂಡುಗಳನ್ನು ಎಣಿಸಬೇಕು. ಮೆರುಗಿನ ಬಣ್ಣಗಳಿಗೆ 18ರಿಂದ 22 ಸೆಕೆಂಡ್ ಒಳ್ಳೆಯ ಆರಂಭ. ಈ ಕಪ್ ಇಲ್ಲದೆ ಗನ್ನನ್ನು ದೂರುವುದು ನ್ಯಾಯವಲ್ಲ. ಗನ್ನಿಗೆ ಸುರಿಯುವ ಮುನ್ನ ಬಣ್ಣವನ್ನು ಸೋಸುವುದನ್ನೂ ತಪ್ಪಿಸಬೇಡಿ, ಒಣಗಿದ ಒಂದು ಸಣ್ಣ ಕಣವೂ 1.3 ಮಿ.ಮೀ. ದಾರಿಯನ್ನು ಕಟ್ಟುತ್ತದೆ.

ನೀರು ಆಧಾರಿತ ಬಣ್ಣ ಬಳಸುವವರಾದರೆ ನೀಡಲ್ (ನಾಝಲನ್ನು ಮುಚ್ಚಿ ತೆರೆಯುವ ಸೂಜಿ) ಮತ್ತು ನಾಝಲ್ ಎರಡೂ ಸ್ಟೇನ್‌ಲೆಸ್ ಸ್ಟೀಲ್ ಆಗಿರಬೇಕು, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಥಿನ್ನರ್ ಬಳಸುವವರು ಕಪ್ಪಿನ ಪ್ಲಾಸ್ಟಿಕ್ ಮತ್ತು ಒಳಗಿನ ಸೀಲುಗಳು ಥಿನ್ನರ್ ತಡೆಯುವಂಥವೇ ಎಂದು ಕೇಳಿ ತಿಳಿಯಬೇಕು. ಬದಲಿ ನೀಡಲ್, ನಾಝಲ್, ಸೀಲ್ ಬಿಡಿಯಾಗಿ ಸಿಗದ ಗನ್ ಎಷ್ಟೇ ಚೆನ್ನಾಗಿದ್ದರೂ ಅದರ ಆಯುಷ್ಯ ಮೊದಲ ಸೋರಿಕೆಯವರೆಗೆ ಮಾತ್ರ.

ಹೆಜ್ಜೆ 7: ನಡುವಿನ ದಾರಿಯನ್ನು ಸರಿಪಡಿಸಿ

ಕಂಪ್ರೆಸರ್‌ನಿಂದ ಹೊರಟ ಗಾಳಿ ಗನ್ನಿಗೆ ತಲುಪುವಷ್ಟರಲ್ಲಿ ಪೈಪು, ಕಪ್ಲಿಂಗ್, ಫಿಲ್ಟರ್ ಎಲ್ಲವೂ ತಮ್ಮ ತಮ್ಮ ಪಾಲನ್ನು ಕಿತ್ತುಕೊಳ್ಳುತ್ತವೆ. ಯಂತ್ರದ ಜೊತೆ ಬರುವ ಸುರುಳಿ ಪೈಪು ಟೈರಿಗೆ ಗಾಳಿ ತುಂಬಲು ಸರಿ, ಬಣ್ಣಕ್ಕೆ ಬೇಡ. ಒಳವ್ಯಾಸ 8ರಿಂದ 10 ಮಿ.ಮೀ. ಇರುವ, ಅಗತ್ಯಕ್ಕಿಂತ ಉದ್ದವಿಲ್ಲದ ನೇರ ರಬ್ಬರ್ ಪೈಪು ತನ್ನಿ. ಒತ್ತಡದ ಮೀಟರನ್ನು ಗನ್ನಿನ ಹಿಡಿಕೆಯ ಬುಡದಲ್ಲೇ ಹಾಕಿ, ಟ್ರಿಗರ್ ಒತ್ತಿ ಹಿಡಿದು ಓದಬೇಕು. ಟ್ರಿಗರ್ ಬಿಟ್ಟಾಗ ಅದು ತೋರಿಸುವ ಸಂಖ್ಯೆಗೆ ಅರ್ಥವಿಲ್ಲ.

ನೀರಿನ ವಿಷಯ ಇದಕ್ಕಿಂತ ಮುಖ್ಯ. 8 ಬಾರ್‌ಗೆ ತುಂಬಿದ ಟ್ಯಾಂಕಿನಲ್ಲಿ ಹೊರಗಿನ ಒಂಬತ್ತು ಲೀಟರ್ ಗಾಳಿ ಒಂದು ಲೀಟರ್ ಜಾಗಕ್ಕೆ ಅಮುಕಿರುತ್ತದೆ, ಅದರ ತೇವವೂ ಜೊತೆಗೇ ಇರುತ್ತದೆ. ಗಾಳಿ ತಣಿದಾಗ ಆ ತೇವ ಹನಿಯಾಗಿ ಇಳಿದು, ಬಣ್ಣದ ಮೇಲೆ ಗುಳ್ಳೆಗಳಾಗಿ ಕಾಣಿಸಿಕೊಳ್ಳುತ್ತದೆ. ನೀರು ಬೇರ್ಪಡಿಸುವ ಫಿಲ್ಟರನ್ನು ಕಂಪ್ರೆಸರ್‌ಗೆ ಅಂಟಿಸಿ ಕೂರಿಸಿದರೆ ಬಿಸಿ ಗಾಳಿಯ ತೇವ ಆವಿಯಾಗಿಯೇ ಅದನ್ನು ದಾಟಿ ಹೋಗುತ್ತದೆ. ಕೆಲವು ಮೀಟರ್ ಪೈಪಿನ ನಂತರ, ಗಾಳಿ ತಣಿದ ಮೇಲೆ ಬರುವಂತೆ ಅದನ್ನು ಕೂರಿಸಬೇಕು. ಕೆಲಸ ಮುಗಿದ ಪ್ರತಿ ದಿನವೂ ಟ್ಯಾಂಕಿನ ತಳದ ತಿರುಪು ಬಿಚ್ಚಿ ನೀರು ಹೊರಬಿಡಿ.

ಕಂಪ್ರೆಸರನ್ನು ಬಣ್ಣ ಹೊಡೆಯುವ ಕೋಣೆಯಿಂದ ಹೊರಗಿಡಿ. ಅದರ ಸ್ವಿಚ್ಚಿನ ಕಿಡಿ ಮತ್ತು ಥಿನ್ನರ್ ಆವಿ ಒಂದೇ ಕಡೆ ಇರಬಾರದು. ಹಾರುವ ಬಣ್ಣದ ಮಂಜನ್ನು ಅದರ ಫಿಲ್ಟರ್ ಎಳೆದುಕೊಳ್ಳಲೂಬಾರದು. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಇರುವ ಮುಖಗವಸು ಬೇಕು. ಗಟ್ಟಿಕಾರಕದಲ್ಲಿ ಐಸೋಸಯನೇಟ್ ಇರುವ ಎರಡು ಭಾಗಗಳ ಬಣ್ಣಗಳಿಗೆ ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖಗವಸೇ ಬೇಕಾಗುವುದರಿಂದ, ಸಣ್ಣ ಕಂಪ್ರೆಸರ್ ಇಟ್ಟುಕೊಂಡ ಹವ್ಯಾಸಿಗಳು ಅವುಗಳ ತಂಟೆಗೆ ಹೋಗದಿರುವುದು ಒಳ್ಳೆಯದು. ಬಣ್ಣದ ಕಂಪ್ರೆಸರ್‌ನ ಗಾಳಿಯನ್ನು ಉಸಿರಾಡಲಂತೂ ಬಳಸಕೂಡದು.

ಹೆಜ್ಜೆ 8: ಬಣ್ಣ ಹಾಕುವ ಮೊದಲೇ ಗನ್ನನ್ನು ಪರೀಕ್ಷಿಸಿ

ಗನ್ ಕೈಗೆ ಬಂದ ದಿನ ಕಪ್ಪಿಗೆ ಏನನ್ನೂ ಸುರಿಯಬೇಡಿ. ಬಣ್ಣ ತಾಗಿದ ಗನ್ನನ್ನು ಯಾವ ಅಂಗಡಿಯೂ ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪುವುದು ಕಷ್ಟ. ಏರ್ ಕ್ಯಾಪ್‌ನ ರಂಧ್ರಗಳು ಅದರ ಎರಡು ಬದಿಗೆ ಚಾಚಿದ ಕೊಂಬುಗಳಲ್ಲಿ ಒಂದೇ ಸಮವಾಗಿವೆಯೇ, ನೀಡಲ್ ನೇರವಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ.

ನಂತರ ಹೆಜ್ಜೆ 1ರ ಅಳತೆಯನ್ನೇ ಹಿಂದುಮುಂದಾಗಿ ಮಾಡಿ. ಟ್ಯಾಂಕ್ ತುಂಬಿಸಿ ಮೋಟರ್ ನಿಲ್ಲಿಸಿ. ಹರವಿನ ತಿರುಪನ್ನು ಪೂರ್ತಿ ತೆರೆದು, ಗನ್ನಿನ ಕೈಪಿಡಿ ಹೇಳಿದ ಒತ್ತಡಕ್ಕೆ ರೆಗ್ಯುಲೇಟರ್ (ಒತ್ತಡ ತಗ್ಗಿಸಿ ಹಿಡಿಯುವ ಸಾಧನ) ಹೊಂದಿಸಿ, ಟ್ರಿಗರ್ ಪೂರ್ತಿ ಒತ್ತಿ. ಮುಳ್ಳು 7ರಿಂದ 5 ಬಾರ್‌ಗೆ ಇಳಿಯಲು 20 ಸೆಕೆಂಡ್ ಹಿಡಿದರೆ, 50 ಲೀಟರ್ ಟ್ಯಾಂಕಿನಿಂದ 100 ಲೀಟರ್ 20 ಸೆಕೆಂಡಿನಲ್ಲಿ ಹೋಗಿದೆ. ನಿಮಿಷಕ್ಕೆ 300 ಲೀಟರ್. ಪೆಟ್ಟಿಗೆಯ ಮೇಲಿನ ಮಾತಿಗೂ ಈ ಸಂಖ್ಯೆಗೂ ಇರುವ ದೂರ ಒಮ್ಮೊಮ್ಮೆ ನಗು ತರಿಸುತ್ತದೆ. ಈಗ ಹರವನ್ನು ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ಅಳೆಯಿರಿ, ಕೊಂಬುಗಳಿಗೆ ಹೋಗುವ ಗಾಳಿ ತಗ್ಗುವುದರಿಂದ ಬೇಡಿಕೆಯೂ ತಗ್ಗುತ್ತದೆ. ಕಿರಿದಾದ ಹರವಿನಲ್ಲಿ ಹೆಚ್ಚು ಸಲ ಕೈಯಾಡಿಸಿ ದುಡಿಯುವುದು ಗಾಳಿ ಸಾಲದವರು ಕಂಡುಕೊಂಡ ಹಳೆಯ ಉಪಾಯ.

ಸಂಖ್ಯೆ ಒಪ್ಪಿಗೆಯಾದರೆ ಮಾತ್ರ ಬಣ್ಣ ಹಾಕಿ, ರಟ್ಟಿನ ಹಾಳೆಯೊಂದನ್ನು ನಿಲ್ಲಿಸಿ. 15ರಿಂದ 20 ಸೆಂ.ಮೀ. ದೂರದಿಂದ, 1 ಬಾರ್‌ನಿಂದ ಆರಂಭಿಸಿ, ಪ್ರತಿ ಸಲ 0.2 ಬಾರ್ ಏರಿಸುತ್ತ ಕ್ಷಣಕಾಲ ಟ್ರಿಗರ್ ಒತ್ತಿ ಬಿಡಿ. ಗುರುತಿನ ನಡುವೆಯೂ ಅಂಚಿನಲ್ಲೂ ಹನಿಗಳು ಒಂದೇ ಗಾತ್ರಕ್ಕೆ ಬಂದ ಒತ್ತಡವೇ ನಿಮ್ಮದು, ಅದಕ್ಕಿಂತ ಮೇಲೆ ಹೋದರೆ ಗಾಳಿ ವ್ಯರ್ಥ. ಗುರುತು ಒಂದು ಕಡೆಗೆ ವಾಲಿದ್ದರೆ ಏರ್ ಕ್ಯಾಪನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೆಯಿರಿ: ವಾಲಿದ ಭಾಗವೂ ಜೊತೆಗೆ ತಿರುಗಿದರೆ ದೋಷ ಕ್ಯಾಪಿನದ್ದು, ಇದ್ದಲ್ಲೇ ಉಳಿದರೆ ನಾಝಲ್ ಅಥವಾ ನೀಡಲಿನದ್ದು. ಕೊನೆಗೆ ಆ ಒತ್ತಡದಲ್ಲೇ ಟ್ರಿಗರ್ ಬಿಡದೆ ಹೊಡೆಯುತ್ತ, ಹನಿ ದಪ್ಪವಾಗತೊಡಗುವವರೆಗೆ ಎಷ್ಟು ಸೆಕೆಂಡ್ ಸಿಕ್ಕಿತೆಂದು ಎಣಿಸಿ, ಆ ಸಂಖ್ಯೆಯನ್ನೂ ಒತ್ತಡವನ್ನೂ ಒಂದು ಚೀಟಿಯಲ್ಲಿ ಬರೆದು ರೆಗ್ಯುಲೇಟರ್ ಪಕ್ಕದಲ್ಲಿ ಅಂಟಿಸಿ. ಮುಂದೆ ಯಾವ ಹಲಗೆಯನ್ನು ಒಂದೇ ಉಸಿರಿಗೆ ಮುಗಿಸಬಹುದು, ಯಾವುದನ್ನು ಬಿಚ್ಚಿ ಭಾಗಭಾಗವಾಗಿ ಹೊಡೆಯಬೇಕು ಎಂಬುದನ್ನು ಆ ಚೀಟಿ ನೋಡಿ ನಿರ್ಧರಿಸಿ.